ವರ್ಕ್‌ಕವರ್ ಸಿಕ್ಕಿತೆಂದು ಸುಮ್ಮನಾಗಬೇಡಿ, ಸೂಪರ್‌ನಲ್ಲೂ ವಿಮೆ ಇದೆ

ಎಲ್ಲರಿಗೂ ನಮಸ್ಕಾರ.

ಮೆಲ್ಬರ್ನ್ ಕನ್ನಡಿಗರೆಂದರೆ ಐಟಿಯವರಷ್ಟೇ ಅಲ್ಲ. ಏಜ್ಡ್ ಕೇರ್‌ನಲ್ಲಿ, ವೇರ್‌ಹೌಸಿನಲ್ಲಿ, ಹೋಟೆಲ್ ಅಡುಗೆಮನೆಯಲ್ಲಿ ದುಡಿಯುವ ನಮ್ಮ ಹುಡುಗ ಹುಡುಗಿಯರು, ಅಕ್ಕಂದಿರು ಬೇಕಾದಷ್ಟು ಜನ ಇದ್ದಾರೆ. ಸೊಂಟ, ಭುಜ, ಕೈಬೆರಳು ಕಳೆದುಕೊಳ್ಳುವ ಕೆಲಸ ಅವರದು. ಇವತ್ತಿನ ಮಾತು ಮುಖ್ಯವಾಗಿ ಅವರಿಗೆ. ಪೆಟ್ಟಾದರೆ ಹಣ ಕೇಳಲು ಎರಡು ದಾರಿಗಳಿವೆ: ಒಂದು ವರ್ಕ್‌ಕವರ್, ಅಂದರೆ ಕೆಲಸದಿಂದ ಪೆಟ್ಟಾದವರಿಗಾಗಿ ವಿಕ್ಟೋರಿಯಾದಲ್ಲಿರುವ ವಿಮೆ. ಇನ್ನೊಂದು ಸೂಪರ್, ಅಂದರೆ ನಿವೃತ್ತಿಗೆಂದು ಮಾಲೀಕರು ಹಣ ಕಟ್ಟುವ ಖಾತೆ, ಅದರೊಳಗಿನ ವಿಮೆ.

ಮೊದಲು ಒಂದು ಭಯ ಬಿಡಿಸಬೇಕು. ‘ನಾನು ಸ್ಟೂಡೆಂಟ್ ವೀಸಾದಲ್ಲಿದ್ದೀನಿ, ಕ್ಲೇಮ್ ಗೀಮ್ ಅಂತ ಹೋದ್ರೆ ವಾಪಸ್ ಕಳಿಸಿಬಿಡ್ತಾರೆ’ ಅನ್ನುವ ಮಾತು ನಮ್ಮವರ ಬಾಯಲ್ಲಿ ಪದೇ ಪದೇ ಬರುತ್ತದೆ. ವರ್ಕ್‌ಕವರ್‌ಗೆ ನಿಮ್ಮ ವೀಸಾ ಯಾವುದು ಅನ್ನುವುದು ಮುಖ್ಯವಲ್ಲ, ಕೆಲಸದಿಂದ ಪೆಟ್ಟಾಯಿತೇ ಅನ್ನುವುದು ಮುಖ್ಯ. ತಪ್ಪು ಯಾರದು ಎಂದೂ ನೋಡುವುದಿಲ್ಲ. ನೀವೇ ಕಾಲು ಜಾರಿ ಬಿದ್ದಿದ್ದರೂ ವಾರದ ಹಣ, ಆಸ್ಪತ್ರೆ ಖರ್ಚು ಕೇಳುವ ಹಕ್ಕು ನಿಮಗಿದೆ. ಕ್ಯಾಶುಯಲ್ ಕೆಲಸದವರಿಗೂ ಇದೆ.

ಕ್ಲೇಮ್ ಕೆಡುವುದು ಹೆಚ್ಚಾಗಿ ಡಾಕ್ಟರ ಮುಂದೆ. ಏಜ್ಡ್ ಕೇರ್‌ನ ಅಕ್ಕ ಒಬ್ಬರು ಅಜ್ಜಿಯನ್ನು ಹಾಸಿಗೆಯಿಂದ ಎತ್ತುವಾಗ ಸೊಂಟ ಉಳುಕುತ್ತದೆ ಎಂದಿಟ್ಟುಕೊಳ್ಳಿ. ಎರಡು ದಿನ ಬಿಸಿನೀರು, ಮುಲಾಮು. ಮೂರನೇ ದಿನ ಜಿಪಿ ಹತ್ತಿರ ಹೋಗಿ ‘ಬೆನ್ನು ನೋವು ಡಾಕ್ಟ್ರೇ’ ಅನ್ನುತ್ತಾರೆ, ಅಷ್ಟೇ. ಕೆಲಸದಲ್ಲಿ ಆಯಿತು ಎಂದು ಹೇಳುವುದಿಲ್ಲ, ಸಂಕೋಚ. ಡಾಕ್ಟರು ‘ಬೆನ್ನು ನೋವು’ ಎಂದಷ್ಟೇ ಬರೆದುಕೊಳ್ಳುತ್ತಾರೆ. ಆರು ತಿಂಗಳ ನಂತರ ವಿಮೆಯವರು ಆ ಟಿಪ್ಪಣಿ ತರಿಸಿ ಓದಿದಾಗ, ಕೆಲಸದ ಹೆಸರೇ ಅಲ್ಲಿಲ್ಲ. ಆದ್ದರಿಂದ ಮೊದಲ ಭೇಟಿಯಲ್ಲೇ ಯಾವ ದಿನ, ಎಷ್ಟು ಹೊತ್ತಿಗೆ, ಏನು ಎತ್ತುವಾಗ ಎಂದು ಬಿಡಿಸಿ ಹೇಳಿ. ಇಂಗ್ಲಿಷ್ ತೊಡಕಾದರೆ 131 450ಕ್ಕೆ ಫೋನ್ ಮಾಡಿ ದುಭಾಷಿ ಕೇಳಿ, ಅದು ಸರ್ಕಾರದ್ದೇ ಸೇವೆ.

ಕೆಲಸದ ಜಾಗದಲ್ಲಿ ಗಾಯಗಳ ರಿಜಿಸ್ಟರ್ ಇರುತ್ತದೆ. ವಿಕ್ಟೋರಿಯಾದಲ್ಲಿ 30 ದಿನಗಳೊಳಗೆ ಮಾಲೀಕರಿಗೆ ತಿಳಿಸಬೇಕು. ಸೂಪರ್‌ವೈಸರ್‌ಗೆ ಬಾಯಲ್ಲಿ ಹೇಳಿದೆ ಎಂದು ಬಿಡಬೇಡಿ, ಬರೆಸಿ, ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಕ್ಲೇಮ್ ಫಾರ್ಮ್, ಜೊತೆಗೆ ಡಾಕ್ಟರ ಸರ್ಟಿಫಿಕೇಟ್ ಆಫ್ ಕೆಪಾಸಿಟಿ, ಅಂದರೆ ನೀವು ಎಷ್ಟು ಕೆಲಸ ಮಾಡಬಲ್ಲಿರಿ ಎಂದು ಬರೆದುಕೊಡುವ ಕಾಗದ. ಮೊದಲ ಸರ್ಟಿಫಿಕೇಟ್ 14 ದಿನಕ್ಕೆ, ಮುಂದಿನವು 28 ದಿನಕ್ಕೆ. ಮಧ್ಯೆ ಒಂದು ದಿನವೂ ಖಾಲಿ ಬಿಡಬೇಡಿ, ಹಣ ಅಲ್ಲೇ ನಿಲ್ಲುತ್ತದೆ. ಮಾಲೀಕರು 10 ದಿನದೊಳಗೆ ನಿಮ್ಮ ಕ್ಲೇಮನ್ನು ವರ್ಕ್‌ಕವರ್‌ನ ವಿಮಾ ಏಜೆಂಟರಿಗೆ ಕಳಿಸಬೇಕು, ಏಜೆಂಟರು 28 ದಿನದೊಳಗೆ ತೀರ್ಮಾನ ಹೇಳಬೇಕು.

ಒಪ್ಪಿಗೆಯಾದರೆ ಮೊದಲ 13 ವಾರ ಹಿಂದಿನ ಸರಾಸರಿ ಸಂಬಳದ ಶೇ. 95, ಆಮೇಲೆ 130 ವಾರದವರೆಗೆ ಶೇ. 80, ಒಂದು ಗರಿಷ್ಠ ಮಿತಿಯೊಳಗೆ. ಆ ನಂತರದ್ದು ಕಷ್ಟ. 2024ರ ಮಾರ್ಚ್ 31ರಿಂದ ಕಾನೂನು ಬಿಗಿಯಾಗಿದೆ. 130 ವಾರ ದಾಟಿ ಹಣ ಬರಬೇಕಾದರೆ ಯಾವ ಕೆಲಸವನ್ನೂ ಮಾಡಲಾಗದ ಸ್ಥಿತಿ ಇದ್ದರೆ ಸಾಲದು, ಇಡೀ ದೇಹದ ಊನ ಶೇ. 20ಕ್ಕಿಂತ ಹೆಚ್ಚೆಂದು ಸಾಬೀತಾಗಬೇಕು. ಬೆನ್ನು ನೋವಿನವರಲ್ಲಿ ಬಹಳಷ್ಟು ಮಂದಿ ಆ ಅಳತೆ ಮುಟ್ಟುವುದಿಲ್ಲ. ಇದು ಅನ್ಯಾಯ ಎಂದೇ ನಾನು ಭಾವಿಸುತ್ತೇನೆ. ಅದಕ್ಕೇ ಸೂಪರ್ ವಿಷಯ ಇಷ್ಟು ಒತ್ತಿ ಹೇಳುತ್ತಿರುವುದು.

ಸೂಪರ್ ಅಂದರೆ ನಮ್ಮ ಊರಿನ ಪಿಎಫ್ ಥರ ಎಂದುಕೊಂಡು ಬಿಟ್ಟಿದ್ದೇವೆ. ಪಿಎಫ್ ಜೊತೆಗೆ 1976ರಿಂದ ಇಡಿಎಲ್‌ಐ ವಿಮೆ ಇದೆ, ಆದರೆ ಅದು ಸತ್ತರೆ ಮಾತ್ರ ಮನೆಯವರಿಗೆ ಬರುವ ಹಣ. ಇಲ್ಲಿನ ಸೂಪರ್ ಖಾತೆಗಳಲ್ಲಿ ಸಾಮಾನ್ಯವಾಗಿ ಸಾವಿನ ವಿಮೆಯ ಜೊತೆ ಟಿಪಿಡಿ, ಅಂದರೆ ಶಾಶ್ವತವಾಗಿ ದುಡಿಯಲಾರದೆ ಹೋದರೆ ಒಟ್ಟಿಗೆ ಸಿಗುವ ಹಣವೂ ಇರುತ್ತದೆ. ಕೆಲವದರಲ್ಲಿ ತಿಂಗಳು ತಿಂಗಳು ಸಂಬಳದ ಒಂದು ಪಾಲು ಕೊಡುವ ಇನ್‌ಕಂ ಪ್ರೊಟೆಕ್ಷನ್ ಕೂಡ. ವರ್ಷಕ್ಕೊಮ್ಮೆ ಬರುವ ಸ್ಟೇಟ್‌ಮೆಂಟಿನಲ್ಲಿ ‘ಇನ್ಶೂರೆನ್ಸ್ ಪ್ರೀಮಿಯಂ’ ಎಂಬ ಸಾಲು ಹುಡುಕಿ. ನಿಮ್ಮದೇ ಹಣದಿಂದ ಅದು ಕಡಿತವಾಗುತ್ತಾ ಬಂದಿರುತ್ತದೆ. ವರ್ಕ್‌ಕವರ್ ಒಪ್ಪಿದ್ದಾರೆ ಎಂಬ ಕಾರಣಕ್ಕೆ ಇದನ್ನು ಕೇಳಬಾರದು ಎಂದೇನಿಲ್ಲ. ಎರಡೂ ಬೇರೆ ಬೇರೆ ಹಕ್ಕು. ಒಂದು ಎಚ್ಚರ: ಇನ್‌ಕಂ ಪ್ರೊಟೆಕ್ಷನ್‌ನವರು ವರ್ಕ್‌ಕವರ್ ಹಣವನ್ನು ಸಾಮಾನ್ಯವಾಗಿ ಕಳೆದು ಕೊಡುತ್ತಾರೆ. ಟಿಪಿಡಿ ಹಣವನ್ನು ಸೂಪರ್‌ನಿಂದ ಹೊರಗೆ ತೆಗೆಯುವ ಮುನ್ನ ತೆರಿಗೆಯ ಬಗ್ಗೆ, ವಾರದ ಹಣಕ್ಕೆ ಏನಾಗುತ್ತದೆ ಎಂಬ ಬಗ್ಗೆ ತಿಳಿದವರನ್ನು ಕೇಳಿ.

ಟಿಪಿಡಿಯಲ್ಲಿ ನೋಡುವುದು ನಿಮ್ಮ ಓದು, ತರಬೇತಿ, ಅನುಭವಕ್ಕೆ ಹೊಂದುವ ಯಾವುದಾದರೂ ಕೆಲಸ ಮಾಡಬಲ್ಲಿರಾ ಎಂದು. ಇಲ್ಲಿ ನಮ್ಮವರಿಗೆ ಒಂದು ಇಕ್ಕಟ್ಟು. ಊರಲ್ಲಿ ಬಿಕಾಂ ಮಾಡಿ ಇಲ್ಲಿ ವೇರ್‌ಹೌಸಿನಲ್ಲಿ ಪೆಟ್ಟಿಗೆ ಎತ್ತಿದವರಿಗೆ ‘ಲೆಕ್ಕ ಬರೆಯುವ ಕೆಲಸ ಮಾಡಬಹುದಲ್ಲ’ ಅನ್ನುತ್ತಾರೆ. ಹದಿನೈದು ವರ್ಷ ಆ ಕೆಲಸ ಮಾಡಿಲ್ಲ, ಕುಳಿತರೆ ಅರ್ಧ ಗಂಟೆಗೆ ಬೆನ್ನು ಹಿಡಿಯುತ್ತದೆ ಎಂಬುದನ್ನು ಡಾಕ್ಟರ ವರದಿಯೇ ಹೇಳಬೇಕು.

ಇನ್ನು ವಿಮೆ ಸದ್ದಿಲ್ಲದೆ ರದ್ದಾಗುವ ದಾರಿಗಳು. 16 ತಿಂಗಳು ಹಣ ಜಮೆಯಾಗದ ಖಾತೆಯಲ್ಲಿ 2019ರ ಜುಲೈಯಿಂದ ವಿಮೆ ನಿಲ್ಲಿಸುತ್ತಾರೆ. 25 ವರ್ಷದೊಳಗಿನವರ ಅಥವಾ 6,000 ಡಾಲರ್ ತುಂಬದ ಹೊಸ ಖಾತೆಗೆ, 2020ರ ಏಪ್ರಿಲ್‌ನಿಂದ, ಸಾಮಾನ್ಯವಾಗಿ ತಾನಾಗಿ ವಿಮೆ ಬರುವುದಿಲ್ಲ. ಬೇಕೆಂದು ನೀವೇ ಬರೆದು ಕೇಳಬೇಕು. ವಿದ್ಯಾರ್ಥಿಗಳು ಇದನ್ನು ಗಮನಿಸಲೇಬೇಕು. ಹಳೆಯ ಖಾತೆಗಳನ್ನೆಲ್ಲ ಒಂದಕ್ಕೆ ಸೇರಿಸುವ ಮುಂಚೆ, ಊರಿಗೆ ವಾಪಸಾಗುವಾಗ ಸೂಪರ್ ತೆಗೆದುಕೊಳ್ಳುವ ಮುಂಚೆ, ಯಾವುದರಲ್ಲಿ ಏನು ವಿಮೆಯಿದೆ ಎಂದು ಕೇಳಿ. ಪೆಟ್ಟಾದ ನಂತರವಂತೂ ಯಾವ ಖಾತೆಯನ್ನೂ ಮುಚ್ಚಬೇಡಿ. ಈಗಾಗಲೇ ಮುಚ್ಚಿದ್ದರೂ ಆಸೆ ಬಿಡಬೇಕಿಲ್ಲ. ಕೆಲಸ ನಿಂತ ದಿನ ವಿಮೆ ಜಾರಿಯಲ್ಲಿತ್ತೇ ಎಂಬುದೇ ಸಾಮಾನ್ಯವಾಗಿ ಮುಖ್ಯ ಪ್ರಶ್ನೆ. ಎರಡು ಖಾತೆಯಲ್ಲಿ ವಿಮೆಯಿದ್ದರೆ ಎರಡರಲ್ಲೂ ಕೇಳಬಹುದು.

ತಿರಸ್ಕರಿಸಿದರೆ? ವರ್ಕ್‌ಕವರ್ ವಿಷಯಕ್ಕೆ 60 ದಿನದೊಳಗೆ ವರ್ಕ್‌ಪ್ಲೇಸ್ ಇಂಜುರಿ ಕಮಿಷನ್‌ಗೆ ಅರ್ಜಿ. ಸೂಪರ್‌ಗಾದರೆ ಮೊದಲು ಫಂಡಿಗೇ ದೂರು, ಅವರಿಗೆ 45 ದಿನ ಸಮಯ. ಆಮೇಲೂ ಸಮಾಧಾನವಾಗದಿದ್ದರೆ ಆಫ್ಕಾ, ಅಂದರೆ ಹಣಕಾಸಿನ ದೂರುಗಳನ್ನು ಕೇಳುವ ಸಂಸ್ಥೆ. ಎರಡೂ ಕಡೆ ದುಡ್ಡು ಕೊಡಬೇಕಿಲ್ಲ. ‘ಗೆದ್ದರಷ್ಟೇ ಫೀಸು’ ಅನ್ನುವ ವಕೀಲರ ಕಾಗದಕ್ಕೆ ಸಹಿ ಹಾಕುವ ಮುನ್ನ, ಗೆದ್ದರೆ ನಿಮ್ಮ ಪಾಲಿನಿಂದ ಎಷ್ಟು ಹೋಗುತ್ತದೆ ಎಂದು ಬರೆದುಕೊಡಲು ಹೇಳಿ.

ಸರ್ಕಾರದ ಆನ್‌ಲೈನ್ ಖಾತೆ ಮೈಗವ್‌ನಲ್ಲಿ ಎಟಿಒ, ಅಂದರೆ ತೆರಿಗೆ ಕಚೇರಿಯ ಪುಟ ತೆರೆದರೆ ನಿಮ್ಮ ಹೆಸರಲ್ಲಿರುವ ಸೂಪರ್ ಖಾತೆಗಳೆಲ್ಲ ಕಾಣುತ್ತವೆ. ಗೊತ್ತಾಗದವರು ಫೋನ್ ಹಿಡಿದು ಮುಂದೆ ಬನ್ನಿ, ಈಗಲೇ ಒಟ್ಟಿಗೆ ನೋಡೋಣ.