ಚಿಕ್ಕಮ್ಮಂದಿರಿಗೂ ಒಂದು ಬಳಗ ಬೇಕು

ಮಳೆಗಾಲದ ಕಕ್ಕಡ ತಿಂಗಳ 18ನೇ ದಿನ ನಮ್ಮ ಕೊಡಗಿನಲ್ಲಿ ಮದ್ದುಸೊಪ್ಪಿನ ಪಾಯಸ ಮಾಡ್ತಾರೆ, ಗೊತ್ತಲ್ವಾ? ಸೊಪ್ಪು ಕುದಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಎರಡನೇ ಹೆಂಡತಿಯಾಗಿ, ಮಗುವಿಗೆ ಚಿಕ್ಕಮ್ಮನಾಗಿ ಹೊಸದಾಗಿ ಬಂದವಳು ಆ ಪಾಯಸ ಬಡಿಸುತ್ತಾಳೆ ಅಂದುಕೊಳ್ಳಿ. ಮಗು ಒಂದು ಚಮಚ ಬಾಯಿಗಿಟ್ಟು, "ಅಮ್ಮ ಮಾಡ್ತಿದ್ದ ಹಾಗಿಲ್ಲ" ಅನ್ನುತ್ತದೆ. ಮಗುವಿನದು ಖಂಡಿತ ತಪ್ಪಲ್ಲ. ಅದಕ್ಕೆ ಅಮ್ಮನ ನೆನಪಾಗಿದೆ. ಆದರೆ ಇವಳು ತನ್ನ ಸಂಕಟ ಯಾರ ಹತ್ತಿರ ಹೇಳಿಕೊಳ್ಳಬೇಕು?

ಗಂಡನಿಗೆ ಹೇಳಿದರೆ ಮಗುವಿನ ಮೇಲೆ ದೂರು ಹೇಳಿದ ಹಾಗೆ. ತವರಿಗೆ ಹೇಳಿದರೆ, "ನಿಂಗೂ ಒಂದು ಮಗು ಆದ್ರೆ ಎಲ್ಲ ಸರಿಹೋಗುತ್ತೆ" ಅಂತಾರೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕೆಲವರಿಗೆ ಮಗು ಆಗುವುದಿಲ್ಲ, ಕೆಲವರಿಗೆ ಬೇಡ. ಹಾಗಂತ ಅವರು ಆ ಮನೆಯಲ್ಲಿ ಅರ್ಧ ಮನುಷ್ಯರಾ?

ಸ್ತ್ರೀಶಕ್ತಿ ಸಂಘ ಇದೆಯಲ್ಲ ಅನ್ನಬಹುದು. ಉಳಿತಾಯಕ್ಕೆ, ಸಾಲಕ್ಕೆ ಅದು ಒಳ್ಳೆಯದೇ. ಆದರೆ ಅಲ್ಲಿ ಕೂತಿರುವವರು ಪಕ್ಕದ ತೋಟದವರು, ಗಂಡನ ಒಕ್ಕದವರು (ಮನೆತನದವರು), ಕೆಲವೊಮ್ಮೆ ಮೊದಲನೆಯವಳ ಗೆಳತಿಯರು. ಮಧ್ಯಾಹ್ನ ಆಡಿದ ಮಾತು ಸಂಜೆ ಕಾಫಿ ಹೊತ್ತಿಗೆ ಅತ್ತೆಯ ಕಿವಿಗೆ ಬಿದ್ದಿರುತ್ತದೆ. ಅದಕ್ಕೇ ಹೇಳ್ತೀನಿ, ಜಿಲ್ಲೆಯ ಒಂದು ಕಡೆಯ ಸೋಮವಾರಪೇಟೆಯ ಚಿಕ್ಕಮ್ಮ ಇನ್ನೊಂದು ಕಡೆಯ ಗೋಣಿಕೊಪ್ಪದ ಚಿಕ್ಕಮ್ಮನ ಹತ್ತಿರ ಮಾತಾಡಲಿ. ಮಳೆಗಾಲದಲ್ಲಿ ಫೋನಿನಲ್ಲಿ, ನೆಟ್‌ವರ್ಕ್ ಸಿಕ್ಕಾಗ. ಕಾಫಿ ಕೊಯ್ಲು ಮುಗಿದ ಮೇಲೆ ಮಡಿಕೇರಿಯಲ್ಲಿ ಒಟ್ಟಿಗೆ ಕೂತು. ಅಲ್ಲಿನ ಮಾತು ಅಲ್ಲೇ ಇರಲಿ. ಮಗುವಿನ ಹೆಸರು, ಗುಟ್ಟು ಮಾತ್ರ ಬೇಡ, ಅದು ಮಗುವಿನ ಸ್ವತ್ತು.

ಬಾಯಿಬಿಟ್ಟು ಯಾರೂ ಹೇಳದ ಭಯ ಇನ್ನೊಂದಿದೆ. ವಯಸ್ಸಾದ ಮೇಲೆ ನನ್ನನ್ನು ನೋಡಿಕೊಳ್ಳೋರು ಯಾರು? 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮು ನೋಡಿ. ಮಕ್ಕಳು ನೋಡಿಕೊಳ್ಳಬೇಕಾದ ತಂದೆತಾಯಿಯ ಸಾಲಿನಲ್ಲಿ ಸ್ವಂತ ಮಕ್ಕಳಿಲ್ಲದ ಮಲತಾಯಿಯನ್ನೂ ಅದು ಸೇರಿಸಿದೆ. ಹಿರಿಯ ನಾಗರಿಕರ 2007ರ ಕಾಯ್ದೆಯೂ ಮಲತಾಯಿಯನ್ನು ತಾಯಿ ಅಂತಲೇ ಲೆಕ್ಕ ಹಾಕುತ್ತದೆ. ಕೋರ್ಟಿಗೆ ಹೋಗಿ ಅಂತ ನಾನು ಹೇಳುತ್ತಿಲ್ಲ. ಆದರೆ ಇದು ಗೊತ್ತಿದ್ದವಳ ನಿದ್ದೆಯೇ ಬೇರೆ. ಇಂಥ ವಿಷಯ ಒಬ್ಬಳಿಂದ ಒಬ್ಬಳಿಗೆ ದಾಟಬೇಕು.

ಗಂಡಂದಿರಿಗೆ ಒಂದು ಮಾತು. ಹೆಂಡತಿ ಬಾಗಿಲು ಹಾಕಿಕೊಂಡು ಒಂದು ಗಂಟೆ ಫೋನಿನಲ್ಲಿ ಮಾತಾಡಿದರೆ, ಏನು ಮಾತಾಡಿದೆ ಅಂತ ಕೇಳಬೇಡಿ. ಅಷ್ಟು ಹೊತ್ತು ಮಗುವಿನ ಹೋಂವರ್ಕ್ ನೀವು ನೋಡಿಕೊಳ್ಳಿ.