ಗರ್ಭದಲ್ಲಿ ಎದೆಬಡಿತಕ್ಕೆ ಲಯ ಕೂಡುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬದಿಯಡ್ಕದಿಂದಲೋ ಪೆರ್ಲದಿಂದಲೋ ಸ್ಕ್ಯಾನಿಂಗಿಗೆಂದು ಕಾಸರಗೋಡಿಗೆ, ಮಂಗಳೂರಿಗೆ ಹೋದ ಮಗಳು ಮನೆಗೆ ಫೋನ್ ಮಾಡಿದರೆ ಅಮ್ಮ ಮೊದಲು ಕೇಳುವುದು, "ಹಾರ್ಟ್‌ಬೀಟ್ ಬಂತಾ ಮಗಾ?" ಎಂದೇ. ಆ ಬಡಿತ ಸ್ಕ್ಯಾನಿಂಗಿನಲ್ಲಿ ಕಾಣುವುದಕ್ಕೆ ಎಷ್ಟೋ ದಿನ ಮೊದಲೇ ಶುರುವಾಗಿರುತ್ತದೆ. ಗರ್ಭ ಕಟ್ಟಿ ಮೂರು ವಾರವಾಗುವಾಗ, 22ನೇ ದಿನದ ಆಚೀಚೆ, ಹೃದಯ ಮಿಡಿಯತೊಡಗುತ್ತದೆ. ಆಗ ಅದಕ್ಕೆ ಕೋಣೆಗಳಿಲ್ಲ, ಕವಾಟಗಳಿಲ್ಲ, ಒಂದು ನರವೂ ಅಲ್ಲಿಗೆ ತಲುಪಿಲ್ಲ. ಇರುವುದು ಸ್ನಾಯುವಿನ ಒಂದು ಸಣ್ಣ ಕೊಳವೆ ಮಾತ್ರ. ಮಿದುಳಿನ ಅಪ್ಪಣೆಗೆ ಕಾಯದೆ, ತನ್ನ ಜೀವಕೋಶಗಳೇ ಹುಟ್ಟಿಸಿದ ವಿದ್ಯುತ್ತಿನಿಂದ ಅದು ಬಡಿಯುತ್ತದೆ.

ಇಂಥದ್ದನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಊರಕೋಳಿಯ ಮೊಟ್ಟೆ ಸಾಕು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವಾಗ ಮಕ್ಕಳಿಗೆ ನಾನು ಮೊದಲು ತೋರಿಸುತ್ತಿದ್ದದ್ದು ಇದನ್ನೇ. ಕಾವಿಗೆ ಕೂತ ಹೇಂಟೆಯ ಅಡಿಯಿಂದ ನಾಲ್ಕೈದು ದಿನದ ಮೊಟ್ಟೆಯೊಂದನ್ನು ಮೆಲ್ಲಗೆ ತೆಗೆದು, ಕತ್ತಲೆ ಕೋಣೆಯಲ್ಲಿ ಅದರ ಅಗಲದ ತುದಿಗೆ ಟಾರ್ಚ್ ಒತ್ತಿ ಹಿಡಿಯಬೇಕು. ಚಿಪ್ಪಿನೊಳಗೆ ಕಿತ್ತಳೆ ಬಣ್ಣದ ಬೆಳಕು, ಸುತ್ತ ಕವಲೊಡೆದ ಸಪೂರ ರಕ್ತನಾಳಗಳು, ನಡುವೆ ಎಳ್ಳಿನಷ್ಟು ಗಾತ್ರದ ಚುಕ್ಕೆಯೊಂದು ಬಿಟ್ಟೂಬಿಡದೆ ಅದುರುತ್ತಿರುತ್ತದೆ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಅರಿಸ್ಟಾಟಲ್ ಇದನ್ನು ಕಂಡು ಬರೆದಿಟ್ಟಿದ್ದಾನೆ. ನೋಡಿ ಆದ ಮೇಲೆ ಮೊಟ್ಟೆಯನ್ನು ತಡಮಾಡದೆ ಹೇಂಟೆಗೇ ಒಪ್ಪಿಸಬೇಕು, ಅದು ತಣಿಯಬಾರದು.

ಕೊಳವೆಯಾಗಿದ್ದಾಗ ವಿದ್ಯುತ್ತು ಒಂದು ತುದಿಯಿಂದ ಇನ್ನೊಂದು ತುದಿಗೆ ತೀರ ನಿಧಾನವಾಗಿ ಹರಿಯುತ್ತದೆ. ಕೊಳವೆಯ ಹಿಂತುದಿಗೆ, ಅಂದರೆ ರಕ್ತ ಒಳಗೆ ಬರುವ ಕಡೆಗೆ, ಹೊಸ ಕೋಶಗಳು ಸೇರುತ್ತ ಹೋಗುತ್ತವೆ. ಆಮೇಲೆ ಸೇರಿದವು ಮೊದಲಿನವುಗಳಿಗಿಂತ ಬೇಗಬೇಗ ಮಿಡಿಯುತ್ತವೆ. ಹೃದಯದಲ್ಲಿ ಯಾವುದು ಬೇಗ ಮಿಡಿಯುತ್ತದೋ ಉಳಿದವೆಲ್ಲ ಅದರ ಹಿಂದೆ ನಡೆಯುತ್ತವೆ. ಹಾಗೆ ಯಜಮಾನಿಕೆ ಹಿಂದೆ ಹಿಂದೆ ಸರಿದು ಕೊನೆಗೆ ಹೃದಯದ ಬಲಗಡೆ, ಬಡಿತಕ್ಕೆ ಚಾಲನೆ ಕೊಡುವ ಸೈನಸ್ ನೋಡ್ ಎಂಬ ಕೋಶಗಳ ಗುಂಪು ಇರುವ ಜಾಗದಲ್ಲಿ ನಿಲ್ಲುತ್ತದೆ. ಅದು ಬಲಗಡೆಗೆ ಮಾತ್ರ ಏಕೆ? ಎಡಗಡೆಯಲ್ಲಿ ಪಿಟ್‌ಎಕ್ಸ್-2 ಎಂಬ ಜೀನ್ ಅದನ್ನು ತಡೆಯುತ್ತದೆ. ಆ ಜೀನ್ ಇಲ್ಲದ ಇಲಿಗಳ ಭ್ರೂಣದಲ್ಲಿ ಎರಡೂ ಕಡೆ ನೋಡ್ ಮೂಡಿದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಇನ್ನು ನನ್ನನ್ನು ಬಹಳ ಕಾಡಿದ ಸಂಗತಿಗೆ ಬರುತ್ತೇನೆ. ಹೃದಯವೆಲ್ಲ ಬೆಳೆದು ಮುಗಿದ ಮೇಲೆ ಅದಕ್ಕೆ ವಿದ್ಯುತ್ತಿನ ದಾರಿ ಜೋಡಣೆಯಾಗುತ್ತದೆ ಎಂದು ಮಕ್ಕಳು ತಿಳಿದಿರುತ್ತಾರೆ. ಹಾಗಲ್ಲ. ಕೊಳವೆಯ ಕೆಲವು ಭಾಗಗಳು ಉಬ್ಬಿ ಕೋಣೆಗಳಾಗುತ್ತವೆ. ಅಲ್ಲಿ ವಿದ್ಯುತ್ತು ವೇಗವಾಗಿ ಓಡುತ್ತದೆ. ನಡುವಿನ ಕೆಲವು ಭಾಗಗಳನ್ನು ಟಿಬಿಎಕ್ಸ್-3 ಎಂಬ ಜೀನ್ ಉಬ್ಬಲು ಬಿಡುವುದಿಲ್ಲ, ಮೊದಲಿನ ನಿಧಾನದಲ್ಲೇ ಉಳಿಸುತ್ತದೆ. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ಹಾಗೆ ಉಳಿದದ್ದರಿಂದಲೇ ಎ.ವಿ. ನೋಡ್ ಎಂಬ ಇನ್ನೊಂದು ಕೋಶಗಳ ಗುಂಪು ರೂಪುಗೊಳ್ಳುತ್ತದೆ. ಅಲ್ಲಿ ಸಂಕೇತ ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಹೊತ್ತು ತಡೆಯುತ್ತದೆ. ಮೇಲಿನ ಕೋಣೆಯ ರಕ್ತ ಪೂರ್ತಿ ಕೆಳಗಿಳಿಯುವುದು ಆ ಬಿಡುವಿನಲ್ಲಿ. ಯಕ್ಷಗಾನದ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಭಾಗವತರ ಜಾಗಟೆಗೆ ಕಾಯದೆ ಚೆಂಡೆ ಬಿದ್ದರೆ ಪದ ಎಲ್ಲಿ ನಿಲ್ಲುತ್ತದೆ!

ಕೋಳಿಮರಿಯ ಹೃದಯದಲ್ಲಿ ಮೊದಲ ವಾರ ಮುಗಿಯುವ ಸುಮಾರಿಗೆ ಇನ್ನೊಂದು ಬದಲಾವಣೆಯಾಗುತ್ತದೆ. ಅದುವರೆಗೆ ಕೆಳಗಿನ ಕೋಣೆಗಳಲ್ಲಿ ಮೇಲಿನಿಂದ ಹರಡುತ್ತಿದ್ದ ವಿದ್ಯುತ್ತು, ಅದನ್ನು ಬೇಗ ಸಾಗಿಸುವ ಸ್ನಾಯುವಿನ ಎಳೆಗಳಾದ ಹಿಸ್ ಕಟ್ಟು ಮತ್ತು ಪುರ್ಕಿಂಜೆ ಎಳೆಗಳ ದಾರಿಯಲ್ಲಿ ನೇರ ತಳಕ್ಕಿಳಿದು, ಅಲ್ಲಿಂದ ಮೇಲಕ್ಕೆ ಹರಡತೊಡಗುತ್ತದೆ. ಈ ಹಿಸ್ ಕಟ್ಟನ್ನು 1893ರಲ್ಲಿ ಗುರುತಿಸಿದವರು ವಿಲ್ಹೆಲ್ಮ್ ಹಿಸ್. ಜಪಾನಿನ ಸುನಾವೊ ತವಾರ 1906ರಲ್ಲಿ ಎ.ವಿ. ನೋಡನ್ನು ವಿವರಿಸಿದರು. ಮರುವರ್ಷ ಕೀತ್ ಮತ್ತು ಫ್ಲ್ಯಾಕ್ ಸೈನಸ್ ನೋಡನ್ನು ಕಂಡುಹಿಡಿದರು.

ಕೋಣೆಗಳ ನಡುವೆ ವಿದ್ಯುತ್ತು ದಾಟದ ನಾರಿನ ಪದರವೊಂದು ಬೆಳೆಯುವುದರಿಂದ ಸಂಕೇತಕ್ಕೆ ಉಳಿಯುವುದು ಎ.ವಿ. ನೋಡಿನ ಒಂದೇ ದಾರಿ. ಆ ದಾರಿ ಕಡಿದರೆ? ಕೆಲವು ತಾಯಂದಿರ ರಕ್ತದಲ್ಲಿ ಆ್ಯಂಟಿ-ರೋ ಎಂಬ ಪ್ರತಿಕಾಯ ಇರುತ್ತದೆ. ಅದು ಮಾಸಿನ ಮೂಲಕ ಮಗುವಿಗೆ ದಾಟಿ ಎ.ವಿ. ನೋಡಿನಲ್ಲಿ ಉರಿಯೂತ ಎಬ್ಬಿಸಿ ಕಲೆಗಟ್ಟಿಸಬಹುದು. ಸಾಮಾನ್ಯವಾಗಿ ಬಸಿರಿನ 18ರಿಂದ 24ನೇ ವಾರದೊಳಗೆ ಇದು ಗೊತ್ತಾಗುತ್ತದೆ. ನಿಮಿಷಕ್ಕೆ 110ರಿಂದ 160 ಸಲ ಬಡಿಯಬೇಕಾದ ಎದೆ 50ರಿಂದ 70ಕ್ಕೆ ಇಳಿದಿರುತ್ತದೆ. ಪ್ರತಿಕಾಯ ಇರುವ 100 ತಾಯಂದಿರಲ್ಲಿ ಒಬ್ಬಿಬ್ಬರ ಮಗುವಿಗೆ ಮಾತ್ರ ಹೀಗಾಗುವುದು. ಆದರೆ ಒಮ್ಮೆ ಆದವರಿಗೆ ಮುಂದಿನ ಬಸಿರಿನಲ್ಲಿ ಅಪಾಯ ಹಲವು ಪಟ್ಟು ಹೆಚ್ಚು. ಅಂಥವರಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಆ ಅಪಾಯವನ್ನು ತಗ್ಗಿಸುತ್ತದೆ. ಅದನ್ನು ಡಾಕ್ಟರು ಹೇಳಿದ ಮೇಲಷ್ಟೇ ತೆಗೆದುಕೊಳ್ಳಬೇಕು.

ಈ ಪ್ರತಿಕಾಯ ಇರುವ ತಾಯಿಗೆ ಯಾವ ತೊಂದರೆಯೂ ಕಾಣದೆ ಇರಬಹುದು. ಆದರೂ ಕಣ್ಣು, ಬಾಯಿ ಸದಾ ಒಣಗುವುದು, ಗಂಟುನೋವು, ಬಿಸಿಲಿಗೆ ಮೈಮೇಲೆ ಕೆಂಪು ದದ್ದು ಏಳುವುದು, ಇವಿದ್ದರೆ ಬಸುರಿಯರು ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಹೇಳಿ. ಕನ್ನಡದಲ್ಲೋ ತುಳುವಿನಲ್ಲೋ ಮಲಯಾಳದಲ್ಲೋ, ನಿಮಗೆ ಸಲೀಸಾದ ಭಾಷೆಯಲ್ಲಿ ಹೇಳಿ. ಸ್ಕ್ಯಾನಿಂಗಿನಲ್ಲಿ ಬಡಿತ ನಿಧಾನ ಎಂದರೆ ಮಗುವಿನ ಹೃದಯದ ಎಕೋ ಪರೀಕ್ಷೆ ಮಾಡಿಸುವುದನ್ನು ಮುಂದಿನ ತಿಂಗಳಿಗೆ ದೂಡಬೇಡಿ. ದಾರಿ ಪೂರ್ತಿ ಕಡಿದಿದ್ದರೆ ಅದು ಮತ್ತೆ ಕೂಡುವುದಿಲ್ಲ. ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ಹೆರಿಗೆ ಎಲ್ಲಿ ಆಗಬೇಕು, ಮಕ್ಕಳ ಹೃದಯತಜ್ಞರು ಎಲ್ಲಿದ್ದಾರೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಲು ಆ ಎಕೋ ಬೇಕು.

ನಮಸ್ಕಾರ.