ತಿಂಗಳಾದ ಮೇಲೆ ಮತ್ತೆ ಬಾಗಿಲಿಗೆ ಬಂದವರು

ಆತ್ಮೀಯ ಕೇಳುಗರೇ, ನಮಸ್ಕಾರ.

ಬಡತನ ನಿವಾರಣೆಯಲ್ಲಿ ಸ್ವಯಂಸೇವಾ ಸಂಸ್ಥೆಗಳ ಪಾತ್ರವೇನು ಎಂಬ ಪ್ರಶ್ನೆ ಎದುರಾದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಮೂರು ಬೆರಳಿನಲ್ಲಿ ಹಿಡಿದ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. 1980ರಿಂದ 1990ರವರೆಗೆ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಬ್ರ್ಯಾಕ್ ಎಂಬ ಸಂಸ್ಥೆಯ ಕಾರ್ಯಕರ್ತೆಯರು ಮನೆಮನೆಗೆ ನಡೆದುಹೋಗಿ, ಭೇದಿಯಿಂದ ನಿತ್ರಾಣವಾದ ಮಗುವಿಗೆ ಈ ನೀರನ್ನು ಹೇಗೆ ಬೆರೆಸಿ ಕುಡಿಸಬೇಕೆಂಬುದನ್ನು 1 ಕೋಟಿ 20 ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಕಲಿಸಿದರು.

ಈ ಸಂಸ್ಥೆ ಹುಟ್ಟಿದ್ದು 1972ರಲ್ಲಿ. 1970ರ ಭೋಲಾ ಚಂಡಮಾರುತ ಮತ್ತು ಮರುವರ್ಷದ ವಿಮೋಚನಾ ಯುದ್ಧದಿಂದ ದೇಶ ಜರ್ಜರಿತವಾಗಿತ್ತು. ತೈಲ ಕಂಪನಿಯೊಂದರಲ್ಲಿ ಅಧಿಕಾರಿಯಾಗಿದ್ದ ಫಜ್ಲೆ ಹಸನ್ ಅಬೇದ್ ಅವರು ಲಂಡನ್ನಿನಲ್ಲಿದ್ದ ತಮ್ಮ ಫ್ಲ್ಯಾಟನ್ನು ಮಾರಿ, ಆ ಹಣದಿಂದ ಸಿಲ್ಹೆಟ್ ಸೀಮೆಯ ಸುಲ್ಲಾದಲ್ಲಿ, ಭಾರತದಿಂದ ಮರಳುತ್ತಿದ್ದ ನಿರಾಶ್ರಿತರಿಗಾಗಿ ಕೆಲಸ ಆರಂಭಿಸಿದರು. ಪರಿಹಾರದ ಕೆಲಸ ಮುಗಿದರೂ ಬಡತನ ಮುಗಿಯಲಿಲ್ಲವಾದ್ದರಿಂದ ಸಂಸ್ಥೆ ಅಲ್ಲಿಯೇ ಉಳಿಯಿತು.

ಉಪ್ಪು ಬೆಲ್ಲದ ಪಾಠ ನಡೆದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾರ್ಯಕರ್ತೆ ಬೆರೆಸಿ ತೋರಿಸಿ ಹೊರಟುಹೋಗುತ್ತಿರಲಿಲ್ಲ, ತಾಯಿಯ ಕೈಯಿಂದಲೇ ಬೆರೆಸಿಸುತ್ತಿದ್ದಳು. ಸುಮಾರು ತಿಂಗಳಾದ ಮೇಲೆ ಬೇರೊಬ್ಬರು ಬಂದು, ಕಲಿಸಿದ ಮನೆಗಳ ಪೈಕಿ ಕೆಲವನ್ನು ಆರಿಸಿಕೊಂಡು, ಆ ತಾಯಿಗೆ ಏನೆಲ್ಲ ನೆನಪಿದೆ ಎಂದು ಕೇಳುತ್ತಿದ್ದರು. ಕಾರ್ಯಕರ್ತೆಯ ಸಂಬಳ ನಿಂತಿದ್ದುದು ಆ ನೆನಪಿನ ಮೇಲೆ. ಎಷ್ಟು ಮನೆ ಮುಟ್ಟಿದೆವು ಎಂಬ ಲೆಕ್ಕ ಬರೆದು ತೃಪ್ತರಾಗುವ ಸಂಸ್ಥೆಗಳೇ ಹೆಚ್ಚಿರುವಾಗ ಇದು ಸಣ್ಣ ಮಾತಲ್ಲ.

ಆದರೂ ಒಂದು ಕೊರತೆ ಕಂಡಿತು. ತಾಯಂದಿರಿಗೆ ಪಾಠ ನೆನಪಿತ್ತು, ಮಗುವಿಗೆ ಭೇದಿಯಾದಾಗ ಆ ನೀರನ್ನು ಕುಡಿಸುತ್ತಿದ್ದವರು ಮಾತ್ರ ಕಡಿಮೆ. ಹಳ್ಳಿಯವರಿಗೆ ತಿಳಿವಳಿಕೆ ಸಾಲದು ಎಂದು ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ಸಂಸ್ಥೆ ಕಾರಣ ಹುಡುಕಿತು. ಕಲಿಸುವವರಿಗೇ ಅದರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲವೆಂದು ತಿಳಿದುಬಂತು. ಅವರನ್ನು ಅತಿಸಾರ ಸಂಶೋಧನಾ ಕೇಂದ್ರಕ್ಕೆ ಕರೆದೊಯ್ದು, ಈ ದ್ರಾವಣ ಹೇಗೆ ಕೆಲಸ ಮಾಡುತ್ತದೆಂದು ತಿಳಿಸಿಕೊಟ್ಟರು. ಅನಂತರ ಅವರು ತಾಯಂದಿರ ಎದುರಿಗೇ ಆ ನೀರನ್ನು ಕುಡಿದು ತೋರಿಸತೊಡಗಿದರು. ಮನೆಯ ಗಂಡಸರನ್ನು ಯಾರೂ ಮಾತನಾಡಿಸಿಯೇ ಇರಲಿಲ್ಲ. ಅವರಿಗಾಗಿಯೂ ಸಭೆಗಳು ನಡೆದವು. ಬಳಕೆ ಏರಿತು.

ಸ್ವಯಂಸೇವಾ ಸಂಸ್ಥೆಯ ನಿಜವಾದ ಬಲ ಇರುವುದು ಇಲ್ಲಿ ಎಂದು ನಾನು ದೃಢವಾಗಿ ನಂಬಿದ್ದೇನೆ. ರಸ್ತೆ, ಆಸ್ಪತ್ರೆ, ಶಾಲೆಗಳನ್ನು ಇಡೀ ದೇಶಕ್ಕೆ ಒದಗಿಸುವ ಹೊಣೆ ಸರ್ಕಾರದ್ದು. ಮತ ಹಾಕಿದ ಪ್ರಜೆ ಅದನ್ನು ಕೇಳಿ ಪಡೆಯಬಹುದು, ದಾನಿಯನ್ನು ಹಾಗೆ ಕೇಳಲಾಗದು. ಆದರೆ ಒಂದು ಉಪಾಯವನ್ನು ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಿ, ತಪ್ಪನ್ನು ಒಪ್ಪಿಕೊಂಡು, ತಿದ್ದಿ, ಮತ್ತೆ ಮಾಡಿ ನೋಡುವ ಸ್ವಾತಂತ್ರ್ಯ ಸಂಸ್ಥೆಗಿದೆ. ದುಃಖದ ಸಂಗತಿಯೆಂದರೆ, ಹಂಚುವ ಸಾಮಗ್ರಿಗೆ ಸಿಗುವಷ್ಟು ಸುಲಭವಾಗಿ, ತಿಂಗಳಾದ ಮೇಲೆ ಬಾಗಿಲು ತಟ್ಟಿ ವಿಚಾರಿಸುವವರ ಸಂಬಳಕ್ಕೆ ದೇಣಿಗೆ ಸಿಗುವುದಿಲ್ಲ.

ಬಡವರಿಗೆ ಗುಂಪುಗಳ ಮೂಲಕ ಕೊಡುವ ಸಣ್ಣ ಸಾಲದ, ಅಂದರೆ ಕಿರುಸಾಲದ ವಿಷಯದಲ್ಲಿಯೂ ಇದೇ ಸಂಸ್ಥೆ ಒಂದು ಸತ್ಯವನ್ನು ಎದುರಿಸಬೇಕಾಯಿತು. ಏನೇನೂ ಇಲ್ಲದವರು ಸಾಲಕ್ಕೆ ಕೈಚಾಚುವುದಿಲ್ಲ, ಗುಂಪಿನವರು ಅವರನ್ನು ಸೇರಿಸಿಕೊಳ್ಳುವುದೂ ಇಲ್ಲ. ಆದ್ದರಿಂದ 2002ರಲ್ಲಿ ಕಡುಬಡವರಿಗಾಗಿಯೇ ಬೇರೊಂದು ಕಾರ್ಯಕ್ರಮ ರೂಪಿಸಿದರು. ಯಾರು ಕಡುಬಡವರೆಂಬುದನ್ನು ಊರಿನವರೇ ಸಭೆ ಸೇರಿ ಗುರುತಿಸಬೇಕು. ಅಂಥ ಮನೆಗೆ ಹಸುವನ್ನೋ ಆಡನ್ನೋ ಉಚಿತವಾಗಿ ಕೊಟ್ಟು, ಸಾಕಲು ಕಲಿಸಿ, ಆದಾಯ ಬರುವವರೆಗೆ ಹೊಟ್ಟೆಗೆ ಒಂದಿಷ್ಟು ಹಣ ನೀಡಿ, ಸುಮಾರು ಎರಡು ವರ್ಷ ಜೊತೆಗಿರಬೇಕು.

ಇದೇ ಮಾದರಿಯನ್ನು ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು ದೇಶಗಳಲ್ಲಿ ಪರೀಕ್ಷಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ನೆರವು ನಿಂತು ಒಂದು ವರ್ಷವಾದ ಮೇಲೆಯೂ ಒಟ್ಟಾರೆ ಆ ಕುಟುಂಬಗಳ ಊಟ, ಆದಾಯ ನೆರವು ಸಿಗದ ಅಂಥದೇ ಕುಟುಂಬಗಳಿಗಿಂತ ಉತ್ತಮವಾಗಿಯೇ ಇದ್ದವು. ಹೊಂಡುರಾಸ್‌ನಲ್ಲಿ ಮಾತ್ರ ಹೆಚ್ಚಿನವರು ಆರಿಸಿಕೊಂಡ ಕೋಳಿಗಳಲ್ಲಿ ಬಹಳಷ್ಟು ರೋಗ ಬಡಿದು ಸತ್ತಿದ್ದವು. ಅಧ್ಯಯನ ಮಾಡಿದವರು ಅದನ್ನೂ ಮುಚ್ಚಿಡದೆ ಬರೆದರು. ಮುಂದೆ ಆ ಊರುಗಳಲ್ಲಿ ಯಾವ ಪ್ರಾಣಿಯನ್ನು ಕೊಡಬೇಕು, ಯಾವ ಲಸಿಕೆಯನ್ನು ಮೊದಲೇ ಹಾಕಿಸಬೇಕು ಎಂದು ಯೋಚಿಸುವವರಿಗೆ ಆ ಬರಹವೇ ಆಧಾರ.

ನಮಸ್ಕಾರ.